ಫ್ರಾನ್ಸ್‌ನ ಮೊರ್ವಾಂ ಗುಡ್ಡಗಳ ಕಡೆ ಗ್ರಾವೆಲ್ ಸೈಕಲ್ (ಜಲ್ಲಿ ದಾರಿಯ ಸೈಕಲ್) ಬಾಡಿಗೆಗೆ ತಗೊಳ್ಳೋರು ಇದನ್ನು ಓದಿ: ಆ ಮೂರು ಅಕ್ಷರದ ಕೆಳಗೆ ಸಹಿ ಹಾಕಬೇಡಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಸುಮ್ಮನಿದ್ದೆ. ನಾಚಿಕೆ ಆಗಿತ್ತು, ಈಗಲೂ ಆಗುತ್ತಿದೆ. ಆದರೆ ಮೊನ್ನೆ ಲಿಯೋನ್‌ನಲ್ಲಿ ಓದುತ್ತಿರುವ ನಮ್ಮ ಕನ್ನಡದ ಹುಡುಗಿಯೊಬ್ಬಳು ಒಂದು ಜಾಹೀರಾತು ಕಳಿಸಿ, "ಅಕ್ಕಾ, ನೀವು ಆ ಕಡೆ ಹೋಗಿದ್ರಲ್ಲ, ಇವರ ಹತ್ರ ಸೈಕಲ್ ತಗೋಬಹುದಾ?" ಅಂತ ಕೇಳಿದಳು. ನೋಡಿದರೆ ನನಗೆ ಸೈಕಲ್ ಬಾಡಿಗೆಗೆ ಕೊಟ್ಟು ಠೇವಣಿ ದುಡ್ಡು ಹಿಡಿದುಕೊಂಡ ಅದೇ ಮನುಷ್ಯ. ಅದೇ ಸೈಕಲ್, ಅದೇ ಫೋಟೋಗಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ಯಾರಿಸ್‌ನಲ್ಲಿ ಕೆಲಸಕ್ಕೆ ಬಂದು ಎರಡು ವರ್ಷ. ನನ್ನ ತಮ್ಮ ಹಾಸನದಿಂದ ಬಂದಿದ್ದ. ಅವನು ಅಲ್ಲಿ ಭಾನುವಾರ ಬಂದರೆ ಸಕಲೇಶಪುರದ ತೋಟದ ರಸ್ತೆಗಳಲ್ಲಿ ಸೈಕಲ್ ಹೊಡೆಯುವವನು. ಐಫೆಲ್ ಗೋಪುರ ಒಂದು ದಿನ ಸಾಕು, ಹಳ್ಳಿ ತೋರಿಸು ಅಂದ. 2025ರ ಜೂನ್ 7ರಿಂದ 9, ಶನಿವಾರದಿಂದ ಸೋಮವಾರ, ಪೆಂಟೆಕೋಸ್ಟ್ ಹಬ್ಬದ ರಜೆ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ರೈಲು ಹತ್ತಿ ಬರ್ಗಂಡಿಯ ಕೋರ್ಬಿನಿ ಅನ್ನುವ ಸಣ್ಣ ಊರಿಗೆ ಹೋಗುವುದು, ಅಲ್ಲಿಂದ ಮೊರ್ವಾಂ ಗುಡ್ಡಗಳ ಎರಡು ಕೆರೆ, ಪಾನ್ಸಿಯೇರ್ ಮತ್ತು ಸೆತ್ತೋಂ, ಸುತ್ತಿ ವಾಪಸ್ ಬರುವುದು. ಇದು ನಮ್ಮ ಲೆಕ್ಕ.

ಸೈಕಲ್ ಬಾಡಿಗೆಗೆ ಕೊಡುವವನನ್ನು ಆನ್‌ಲೈನ್‌ನಲ್ಲಿ ಹುಡುಕಿದೆ. ಹೆಸರು ಹಾಕುವುದಿಲ್ಲ, ವಿಷಯ ಇನ್ನೂ ಮುಗಿದಿಲ್ಲ. ಫೋಟೋದಲ್ಲಿ ಕಾರ್ಬನ್ ಫ್ರೇಮ್, ಡಿಸ್ಕ್ ಬ್ರೇಕ್, 40 ಮಿಲಿಮೀಟರ್ ದಪ್ಪ ಟೈರ್. ಸ್ಟೇಷನ್ನಿಗೇ ತಂದುಕೊಡುತ್ತೇನೆ ಅಂದ. ಮೆಸೇಜ್‌ಗೆ ಹತ್ತು ನಿಮಿಷದಲ್ಲಿ ಉತ್ತರ, ಮಾತೂ ಬಹಳ ಮರ್ಯಾದೆ.

ಠೇವಣಿ ಇಲ್ಲಿ ಹೇಗೆ ಅಂತ ಇಲ್ಲಿರುವವರಿಗೆ ಗೊತ್ತು. ಕಾರ್ಡಿನಲ್ಲಿ ಅಷ್ಟು ದುಡ್ಡನ್ನು ತಡೆಹಿಡಿಯುತ್ತಾರೆ ಅಷ್ಟೇ, ತೆಗೆದುಕೊಳ್ಳುವುದಿಲ್ಲ. ಇಲ್ಲ ಅಂದರೆ ಒಂದು ಚೆಕ್ ಇಟ್ಟುಕೊಂಡು, ಸೈಕಲ್ ವಾಪಸ್ ಕೊಟ್ಟಾಗ ಕೈಗೆ ಕೊಡುತ್ತಾರೆ. ಇವನು ಹೊರಡುವ ಎರಡು ದಿನ ಮೊದಲು, "ಕಾರ್ಡ್ ಮೆಷಿನ್ ಕೆಟ್ಟಿದೆ, ಬ್ಯಾಂಕ್ ಖಾತೆಗೆ ಹಾಕಿಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ" ಅಂದ. ಒಂದು ಸೈಕಲ್ಲಿಗೆ 800 ಯೂರೋ. ಎರಡಕ್ಕೆ 1,600. ರೈಲು ಟಿಕೆಟ್ ಆಗಿತ್ತು, ರೂಮ್ ಬುಕ್ ಆಗಿತ್ತು, ಹಬ್ಬದ ರಜೆಯಲ್ಲಿ ಬೇರೆ ಸೈಕಲ್ ಸಿಗುವುದಿಲ್ಲ. ಹಾಕಿಬಿಟ್ಟೆ.

ಶನಿವಾರ ಕೋರ್ಬಿನಿಯಲ್ಲಿ ಇಳಿದಾಗ ಜೋರು ಮಳೆ. ಅವನು ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಎರಡು ಸೈಕಲ್ ಇಳಿಸಿದ. ಒಂದು ಫೋಟೋದಲ್ಲಿದ್ದದ್ದೇ, ಆದರೆ ಟೈರ್ 40 ಅಲ್ಲ, 32, ಅದೂ ಸವೆದು ನಡುವೆ ನುಣ್ಣಗಾಗಿತ್ತು. ಇನ್ನೊಂದು ಬೇರೆಯದೇ ಸೈಕಲ್. ಎರಡಕ್ಕೂ ಕೆಳಗೆಲ್ಲ ಕೆಸರು ಮೆತ್ತಿತ್ತು. ಟೈರ್ ಬಗ್ಗೆ ಕೇಳಿದೆ. "ಸೆ ಪಾರೇಯ್" ಅಂದ. ಎರಡೂ ಒಂದೇ ಅಂತ. ನಮ್ಮ ಹಿಂದೆ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾರೆ, ಬೇಗ ಹೋಗಬೇಕು ಅಂತ ಗಡಿಯಾರ ನೋಡುತ್ತಿದ್ದ.

ಆಗ ನನ್ನ ತಮ್ಮ ಮೊಬೈಲ್ ತೆಗೆದು, "ಅಕ್ಕಾ, ಕೆಸರು ಒರೆಸಿ ಒಂದು ವಿಡಿಯೋ ಮಾಡ್ಕೊಳ್ಳೋಣ, ಸುತ್ತ" ಅಂದ. ನಾನು ಏನು ಹೇಳಿದೆ ಗೊತ್ತಾ? "ಬೇಡ ಕಣೋ, ಚೆನ್ನಾಗಿರಲ್ಲ, ನಾವು ಅವರನ್ನ ನಂಬಲ್ಲ ಅಂದ್ಕೋತಾರೆ." ಇದನ್ನು ಹೇಳಿದ್ದು ನಾನು. ಅವನು ಮೊಬೈಲ್ ಜೇಬಿಗೆ ಹಾಕಿಕೊಂಡ. ಆ ಒಂದು ನಿಮಿಷ ನನಗೆ ದಿನಾ ನೆನಪಾಗುತ್ತದೆ.

ಒಂದು ಕಾಗದ ಮುಂದೆ ಹಿಡಿದ. ಸೈಕಲ್ಲಿನ ಸ್ಥಿತಿ ಅಂತ ಒಂದು ಖಾನೆ. ಅದರಲ್ಲಿ ಕೈಬರಹದಲ್ಲಿ ದೊಡ್ಡದಾಗಿ ಮೂರು ಅಕ್ಷರ, ಆರ್, ಎ, ಎಸ್. ಯಾವುದೋ ಮಾಡೆಲ್ ಹೆಸರು ಅಂದುಕೊಂಡೆ. ಕೆಳಗೆ ಸಹಿ ಹಾಕಿದೆ. ಎರಡು ಸಹಿ, ಎರಡು ಸೈಕಲ್ಲಿಗೆ.

ದಾರಿ ಬಗ್ಗೆ ಹೇಳದಿದ್ದರೆ ಆ ಜಾಗಕ್ಕೆ ಅನ್ಯಾಯ. ಪಾನ್ಸಿಯೇರ್ ಅಣೆಕಟ್ಟಿನಿಂದ ನಿವೆರ್ನೇ ಕಾಲುವೆಗೆ ನೀರು ಒಯ್ಯುವ ಒಂದು ಸಣ್ಣ ನಾಲೆ ಇದೆ, ರಿಗೋಲ್ ದಿಯೋನ್ ಅಂತ. ಗುಡ್ಡದ ಬದಿ ಹಿಡಿದು ಸುತ್ತಿಕೊಂಡು ಹೋಗುತ್ತದೆ, ಪಕ್ಕದಲ್ಲೇ ದಾರಿ. ನೀರು ನಿಧಾನವಾಗಿ ಹರಿಯಬೇಕಲ್ಲ, ಹಾಗಾಗಿ ದಾರಿಯೂ ಏರಿಲ್ಲದೆ ಸಮ. ಮೊಂತ್ರೇಯೋಂ ಅನ್ನುವ ಹಳ್ಳಿಯಲ್ಲಿ ಆ ನಾಲೆ ಕಣಿವೆಯನ್ನು ಕಲ್ಲಿನ ಕಮಾನುಗಳ ಮೇಲೆ ದಾಟುತ್ತದೆ, 33 ಮೀಟರ್ ಎತ್ತರ. ಕೆಳಗೆ ನಿಂತು ತಲೆ ಎತ್ತಿ ನೋಡಿದೆವು, ಕತ್ತು ನೋವು ಬರುವಷ್ಟು ಹೊತ್ತು. ಶಾರೊಲೇ ತಳಿಯ ಬಿಳಿ ದನಗಳು ಬೇಲಿ ಪಕ್ಕ ಬಂದು ನಿಲ್ಲುತ್ತಿದ್ದವು. ಸಂಜೆ ಪಾನ್ಸಿಯೇರ್ ದಂಡೆಗೆ ಬಂದಾಗ ಮಳೆ ನಿಂತಿತ್ತು, ನೀರಿನ ಮೇಲೆ ಮಂಜು. 1949ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, ಸೇನ್ ನದಿಯ ನೆರೆ ಪ್ಯಾರಿಸ್‌ಗೆ ನುಗ್ಗದಂತೆ ತಡೆಯುವುದರಲ್ಲಿ ಇದರ ಪಾಲೂ ಇದೆ. ನಾನು ದಿನಾ ದಾಟುವ ಸೇತುವೆಯ ಕೆಳಗಿನ ನೀರು ಇಲ್ಲಿಂದ ಬರುತ್ತದೆ ಅಂತ ತಮ್ಮನಿಗೆ ಹೇಳಿದೆ. ರಾತ್ರಿ ಕೆರೆ ಪಕ್ಕದ ಶೋಮಾರ್ ಹಳ್ಳಿಯಲ್ಲಿ ಉಳಿದೆವು. ಆ ದಿನ ತುಂಬಾ ಖುಷಿಯಾಗಿದ್ದೆವು.

ಭಾನುವಾರ ಪ್ಲಾಂಶೇ ಹಳ್ಳಿ ದಾಟಿ ಸೆತ್ತೋಂ ಕಡೆಗೆ. ಇಲ್ಲಿ ಫರ್ ಮರದ ತೋಪುಗಳು, ಕ್ರಿಸ್‌ಮಸ್ ಮರ ಬೆಳೆಯುವ ಹೊಲಗಳು. ಮರ ಸಾಗಿಸುವ ಲಾರಿಗಳು ಓಡಾಡಿ ದಾರಿ ಎಲ್ಲ ಚೂಪು ಗ್ರಾನೈಟ್ ಜಲ್ಲಿ. ಇಂಥ ದಾರಿಗೇ 40 ಮಿಲಿಮೀಟರ್ ಟೈರ್ ಬೇಕು ಅನ್ನುವುದು, "ಎರಡೂ ಒಂದೇ" ಅಲ್ಲ. ಅಗಲದ ಟೈರಿನಲ್ಲಿ ಗಾಳಿ ಕಮ್ಮಿ ಇಟ್ಟು ಓಡಿಸಬಹುದು, ಕಲ್ಲಿಗೆ ಟೈರು ಬಗ್ಗುತ್ತದೆ. ಸಣ್ಣ ಟೈರಿನಲ್ಲಿ ಗಾಳಿ ಕಮ್ಮಿ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹರಿಯುತ್ತದೆ, ಜಾಸ್ತಿ ಮಾಡಿದರೆ ಕಲ್ಲಿನ ಮೇಲೆ ಸೈಕಲ್ ಕುಣಿಯುತ್ತದೆ. ನನ್ನ ಹಿಂದಿನ ಚಕ್ರದ ಟ್ಯೂಬ್ ಹರಿಯಿತು. ಅವನು ಕೊಟ್ಟ ಚೀಲ ಬಿಚ್ಚಿದೆವು. ಟ್ಯೂಬ್ ಇತ್ತು. ಆದರೆ ಅದರದು ಬೈಕು, ಕಾರಿಗೆ ಇರುತ್ತದಲ್ಲ ಆ ದಪ್ಪ ವಾಲ್ವ್. ನಮ್ಮ ರಿಮ್ಮಿನ ತೂತು ಸಣ್ಣ ಪ್ರೆಸ್ಟಾ ವಾಲ್ವಿಗೆ ಮಾತ್ರ. ಒಳಗೆ ಹೋಗುವುದೇ ಇಲ್ಲ!

ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ, ಫೋಟೋ ಹಾಕಿದೆ. ಒಂದೂವರೆ ಗಂಟೆ ಆದ ಮೇಲೆ ಉತ್ತರ: "ಇವತ್ತು ನಾನು ಮನೆಯವರ ಜೊತೆ ಇದ್ದೇನೆ. ಶುಭ ಭಾನುವಾರ." ಇಷ್ಟೇ. ಬುಕ್ ಮಾಡುವಾಗ ಹತ್ತು ನಿಮಿಷದಲ್ಲಿ ಬರುತ್ತಿದ್ದ ಉತ್ತರ ಇದು.

ಸೈಕಲ್ ತಳ್ಳಿಕೊಂಡು ನಡೆದೆವು. ಬಾಟಲಿ ಖಾಲಿ. ಒಂದು ಹಳ್ಳಿ ಬಂತು, ಅಂಗಡಿ ಇಲ್ಲ, ಹಬ್ಬದ ಭಾನುವಾರ. ಇಲ್ಲಿ ಸೈಕಲ್ ಹೊಡೆಯುವವರಿಗೆ ಗೊತ್ತಿರುತ್ತದೆ, ಸ್ಮಶಾನದಲ್ಲಿ ಹೂಗಿಡಕ್ಕೆ ನೀರು ಹಾಕಲು ನಲ್ಲಿ ಇರುತ್ತದೆ ಅಂತ. ಅಲ್ಲೂ ಇತ್ತು, ಆದರೆ ಕುಡಿಯಲು ಅಲ್ಲ ಅನ್ನುವ ಬೋರ್ಡ್. ಬರೀ ಮುಖ ತೊಳೆದೆವು. ಕೊನೆಗೆ ಒಬ್ಬ ವಯಸ್ಸಾದ ರೈತರು ಗಾಡಿ ನಿಲ್ಲಿಸಿ, ಏನೂ ಕೇಳದೆ ಸೈಕಲ್ ಹಿಂದೆ ಏರಿಸಿ, ಸೆತ್ತೋಂ ಹತ್ತಿರದ ಮೊಂಸೋಶ್ ಊರಿಗೆ ತಂದುಬಿಟ್ಟರು. ಅವರ ಮನೆಯಲ್ಲಿ ಹಳೇ ಟ್ಯೂಬೊಂದು ಸರಿಹೊಂದಿತು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಇಟ್ಟರು. ಸಂಜೆ ಆರಕ್ಕೆ ಸೆತ್ತೋಂ ಕೆರೆ ನೋಡಿದೆವು. ಪ್ಯಾರಿಸ್‌ಗೆ ಸೌದೆ ತೇಲಿಬಿಡಲು ನೀರು ಬೇಕು ಅಂತ 1858ರಲ್ಲಿ ಕಟ್ಟಿ ಮುಗಿಸಿದ ಕೆರೆ ಅದು. ಸುತ್ತು ಹಾಕುವ ಆಸೆಯಿತ್ತು. ಶಕ್ತಿ ಉಳಿದಿರಲಿಲ್ಲ.

ಸೋಮವಾರ ಸಂಜೆ ಕೋರ್ಬಿನಿ. ನಮ್ಮ ರೈಲಿಗೆ ನಲವತ್ತು ನಿಮಿಷ ಇತ್ತು. ಅವನು ಈ ಸಲ ಬೇರೆ ಮನುಷ್ಯನ ಹಾಗೆ. ಗಡಿಬಿಡಿ ಇಲ್ಲ. ವ್ಯಾನಿನಿಂದ ಒಂದು ಬಟ್ಟೆ, ಒಂದು ಟಾರ್ಚು ತೆಗೆದ. ಕೂತುಕೊಂಡು ನನ್ನ ಸೈಕಲ್ಲಿನ ಫ್ರೇಮ್ ಒರೆಸತೊಡಗಿದ. ಶನಿವಾರ ಕೆಸರಿನಲ್ಲೇ ಕೊಟ್ಟವನು ಈಗ ಇಂಚಿಂಚೂ ಒರೆಸುತ್ತಿದ್ದಾನೆ. ನೇರವಾಗಿ ಎಡಗಡೆ ಪೆಡಲ್ ಹತ್ತಿರ ಫ್ರೇಮಿನ ಕೆಳಭಾಗಕ್ಕೆ ಹೋದ. ಹುಡುಕಲೇ ಇಲ್ಲ. ಟಾರ್ಚ್ ಹಾಕಿ, "ವಾಲಾ" ಅಂದ. ನೋಡಿ ಅಂತ. ಬೆರಳುದ್ದ ಒಂದು ಗೀರು.

"ಇದು ಕಾರ್ಬನ್, ಮೇಡಂ. ಒಳಗೆ ಬಿರುಕು ಬಿಟ್ಟಿರಬಹುದು."

ನಾನು ಮಾಡಿದ್ದಲ್ಲ ಅಂದೆ. ಕಾಗದ ತೆಗೆದ. ನನ್ನ ಸಹಿಯ ಮೇಲೆ ಬೆರಳಿಟ್ಟ. "ನೀವು ಸಹಿ ಹಾಕಿದ್ದೀರಿ."

ನನ್ನ ಫ್ರೆಂಚ್ ಅಂಗಡಿಗೆ, ಆಫೀಸಿಗೆ ಸಾಕು. ಜಗಳಕ್ಕೆ ಸಾಲಲಿಲ್ಲ. ಗಂಟಲು ಕಟ್ಟಿತು. ತಮ್ಮ ಬಗ್ಗಿ ನೋಡಿದ. "ಅಕ್ಕಾ, ಬೆರಳಿಟ್ಟು ನೋಡು. ಗೀರಿನ ಮೇಲೆ ಸ್ಟಿಕ್ಕರ್ ಇದೆ." ನಿಜ. ಕಲ್ಲು ತಾಗದಿರಲಿ ಅಂತ ಫ್ರೇಮಿಗೆ ಅಂಟಿಸುವ ಪಾರದರ್ಶಕ ಹಾಳೆ ಆ ಗೀರಿನ ಮೇಲೆ ಇತ್ತು. ಹಾಳೆಗೆ ಏನೂ ಆಗಿಲ್ಲ. ಗೀರು ಅದರ ಕೆಳಗೆ. ನಾನು ಮೂರು ದಿನದಲ್ಲಿ ಹಾಳೆಯ ಕೆಳಗೆ ಹೇಗೆ ಗೀರು ಹಾಕುತ್ತೇನೆ? ಅವನಿಗೆ ತೋರಿಸಿದೆ. ನೋಡಿದ. ಒಂದು ಕ್ಷಣ ಸುಮ್ಮನಾದ. ಆಮೇಲೆ ಮತ್ತೆ ಅದೇ, "ನೀವು ಸಹಿ ಹಾಕಿದ್ದೀರಿ, ಮೇಡಂ." ರೈಲು ಬಂತು. ತಮ್ಮ ನಾಲ್ಕು ಫೋಟೋ ಹೊಡೆದುಕೊಂಡ. ಹತ್ತಿದೆವು. ಆಮೇಲೆ ಇನ್ನೊಂದು ರೈಲು ಇದ್ದಿದ್ದರೆ ಅಲ್ಲೇ ನಿಂತು ಮಾತಾಡುತ್ತಿದ್ದೆ. ಮಾರನೇ ದಿನ ಆಫೀಸ್ ಇತ್ತು.

ಮಂಗಳವಾರ ಆಫೀಸಿನಲ್ಲಿ ಸಹೋದ್ಯೋಗಿಗೆ ಆ ಕಾಗದ ತೋರಿಸಿ ಈ ಆರ್ ಎ ಎಸ್ ಅಂದರೆ ಯಾವ ಮಾಡೆಲ್ ಅಂತ ಕೇಳಿದೆ. ಅವಳು ನನ್ನ ಮುಖ ನೋಡಿದಳು. "ರಿಯಾಂ ಆ ಸಿನ್ಯಾಲೇ. ಹೇಳುವಂಥ ದೋಷ ಏನೂ ಇಲ್ಲ ಅಂತ." ಅಂದರೆ ಸೈಕಲ್ಲಿನಲ್ಲಿ ಒಂದು ಗೀರೂ ಇಲ್ಲ ಅಂತ ನಾನೇ ಒಪ್ಪಿ ಬರೆದುಕೊಟ್ಟಿದ್ದೆ. ಮಳೆಯಲ್ಲಿ, ಕೆಸರು ಮೆತ್ತಿದ ಸೈಕಲ್ಲಿಗೆ. ಕೈ ತಣ್ಣಗಾಯಿತು. ಇಲ್ಲಿನವರೆಲ್ಲರಿಗೂ ಗೊತ್ತಿರುವ ಮೂರು ಅಕ್ಷರ, ನನಗೆ ಗೊತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು ಅಂತ ನನಗೆ ಖಾತ್ರಿ.

ಐದು ವಾರ ಆದ ಮೇಲೆ ದುಡ್ಡು ಬಂತು. 960 ಯೂರೋ. 640 ಹಿಡಿದುಕೊಂಡಿದ್ದ, ರೂಪಾಯಿಯಲ್ಲಿ ಅರವತ್ತು ಸಾವಿರದ ಮೇಲೆ. ಫ್ರೇಮಿಗೆ 520. ಟೈರಿಗೆ 45, ಆ ನುಣ್ಣಗೆ ಸವೆದ ಟೈರಿಗೆ! ತೊಳೆದ ಖರ್ಚು 75. ತೊಳೆದ ಖರ್ಚು, ಕೇಳಿದಿರಾ? ಕೆಸರಿನ ಸೈಕಲ್ ಕೊಟ್ಟವನು!

ಬಿಲ್ ಕಳಿಸಿ ಅಂದೆ. ಅವನು ಕಳಿಸಿದ್ದು ದೆವಿ. ದೆವಿ ಅಂದರೆ ಅಂದಾಜು ಪಟ್ಟಿ, ಇಷ್ಟು ಖರ್ಚಾಗಬಹುದು ಅಂತ. ರಿಪೇರಿ ಮಾಡಿಸಿದ ಬಿಲ್ಲಿಗೆ ಫಾಕ್ತ್ಯೂರ್ ಅನ್ನುತ್ತಾರೆ. ಫಾಕ್ತ್ಯೂರ್ ಕೊಡಿ ಅಂತ ಮತ್ತೆ ಕೇಳಿದೆ. "ದೆವಿ ಸಾಕು." ಸ್ಟಿಕ್ಕರ್ ಫೋಟೋ ಕಳಿಸಿದೆ. "ಫೋಟೋದಲ್ಲಿ ಸ್ಪಷ್ಟವಾಗಿಲ್ಲ." ವಾಲ್ವಿನ ವಿಷಯ ಕೇಳಿದೆ. "ಬೇರೆ ಗಿರಾಕಿಗಳು ಯಾರೂ ದೂರಿಲ್ಲ." ಕೊನೆಯ ಮೆಸೇಜ್: "ನಿಮ್ಮ ದೇಶದಲ್ಲಿ ಹೇಗೋ ಗೊತ್ತಿಲ್ಲ, ಇಲ್ಲಿ ಸಹಿ ಅಂದರೆ ಸಹಿ." ಇದನ್ನು ಓದಿದಾಗ ದುಡ್ಡಿಗಿಂತ ಜಾಸ್ತಿ ನೋವಾಯಿತು. ಅದನ್ನು ತಮ್ಮನಿಗೆ ಇನ್ನೂ ತೋರಿಸಿಲ್ಲ.

ಸಹೋದ್ಯೋಗಿಯ ಸಹಾಯದಿಂದ ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ, ತಲುಪಿದ ಸಹಿ ಬರುವಂಥದ್ದು. ಅವನಿಗೆ ತಲುಪಿದೆ, ಉತ್ತರ ಇಲ್ಲ. ಈಗ ಕೋನ್ಸಿಲಿಯಾತರ್ ಹತ್ತಿರ ಹೋಗುತ್ತಿದ್ದೇನೆ. ಇಂಥ ಸಣ್ಣ ವ್ಯಾಜ್ಯ ಕೂರಿಸಿ ಮಾತಾಡಿಸುವವರು, ದುಡ್ಡು ಕೊಡಬೇಕಿಲ್ಲ. ವಿದ್ಯಾರ್ಥಿಗಳು ಇದನ್ನು ತಿಳಿದುಕೊಂಡಿರಿ.

ಠೇವಣಿಯನ್ನು ಖಾತೆಗೆ ಹಾಕಿ ಅಂದರೆ ಅಲ್ಲೇ ಬಿಟ್ಟುಬಿಡಿ, ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ. ಮಳೆ ಇರಲಿ, ಅವರ ಮುಖ ಗಂಟಾಗಲಿ, ಕೆಸರು ಒರೆಸಿ ಅವರ ಮುಂದೆಯೇ ವಿಡಿಯೋ ಮಾಡಿ, ಫ್ರೇಮಿನ ಕೆಳಗಡೆ ಮರೆಯಬೇಡಿ. ಸ್ಪೇರ್ ಟ್ಯೂಬಿನ ವಾಲ್ವ್ ರಿಮ್ಮಿಗೆ ಹೊಂದುತ್ತದಾ ಅಲ್ಲೇ ನೋಡಿ. ಕಾಗದದಲ್ಲಿ ಆರ್ ಎ ಎಸ್ ಅಂತಿದ್ದರೆ ಹೊಡೆದುಹಾಕಿ, ಕಂಡ ಗೀರು, ಸವೆದ ಟೈರು ಎಲ್ಲ ಬರೆದು ಆಮೇಲೆ ಸಹಿ ಹಾಕಿ. ಚೆನ್ನಾಗಿರಲ್ಲ ಅಂತ ಯೋಚಿಸಬೇಡಿ. ನಾನು ಯೋಚಿಸಿದೆ.

ಮೊರ್ವಾಂಗೆ ಮಾತ್ರ ಹೋಗಿ. ಆ ನಾಲೆ ದಾರಿ, ಆ ಕೆರೆಗಳು, ಆ ರೈತರು, ಯಾವುದಕ್ಕೂ ಇದರಲ್ಲಿ ತಪ್ಪಿಲ್ಲ. ನಾನೂ ಮತ್ತೆ ಹೋಗುತ್ತೇನೆ, ಸೆತ್ತೋಂ ಸುತ್ತು ಬಾಕಿ ಇದೆ.

ಲಿಯೋನ್‌ನ ಹುಡುಗಿಗೆ ಎಲ್ಲ ಹೇಳಿದೆ. ಅವಳು ಬುಕ್ ಮಾಡಲಿಲ್ಲ. ಜಾಹೀರಾತಿನ ಫೋಟೋಗಳನ್ನು ಇಬ್ಬರೂ ಮತ್ತೆ ನೋಡಿದೆವು. ಆರು ಫೋಟೋ, ಆರೂ ಬಲಗಡೆಯಿಂದ ತೆಗೆದದ್ದು. ಅವಳು ಅವನಿಗೆ, "ಎಡಗಡೆಯದ್ದು ಒಂದು ಕಳಿಸ್ತೀರಾ?" ಅಂತ ಬರೆದಳು. ಇವತ್ತಿಗೆ ಒಂಬತ್ತು ದಿನ. ಉತ್ತರ ಬಂದಿಲ್ಲ.