ಆನ್‌ಲೈನ್‌ನಲ್ಲಿ ಸೀರೆ ಮಾರಲು ಹೊರಟವರೇ, ರಿಟರ್ನ್ ಲೆಕ್ಕ ಹಾಕದೆ ದರ ಇಡಬೇಡಿ

ಕೈಮಗ್ಗದ ಸೀರೆ ಮಾರುವ ಒಬ್ಬರಿಗೆ ದೀಪಾವಳಿ ಸೇಲ್ ಮುಗಿದ ಮೇಲೆ ವಾಪಸ್ ಬಂದ ಪಾರ್ಸೆಲ್‌ನಲ್ಲಿ ಸೀರೆಯ ಬದಲು ಹಳೇ ಬೆಡ್‌ಶೀಟ್ ಇತ್ತು. ಕವರ್ ಅವರದೇ, ಲೇಬಲ್ ಅವರದೇ, ತೂಕವೂ ಹೆಚ್ಚುಕಮ್ಮಿ ಅಷ್ಟೇ. ಬಿಚ್ಚುವಾಗ ವಿಡಿಯೋ ಮಾಡಿದ್ದರು. ಆದರೂ ಮಾರಾಟದ ಆ್ಯಪ್‌ನವರಿಗೆ ಹಾಕಿದ ನಷ್ಟ ಪರಿಹಾರದ ಕ್ಲೇಮ್ ರಿಜೆಕ್ಟ್ ಆಯಿತು. ವಿಡಿಯೋ ಶುರುವಾಗುವ ಹೊತ್ತಿಗೆ ಕವರ್‌ನ ಬಾಯಿ ಕತ್ತರಿಸಿ ಆಗಿತ್ತು, ಲೇಬಲ್ ಮೇಲಿನ ಟ್ರ್ಯಾಕಿಂಗ್ ನಂಬರ್ ಎಲ್ಲೂ ಓದಲು ಬರುತ್ತಿರಲಿಲ್ಲ. ಸೀರೆಯೂ ಹೋಯಿತು, ರಿಟರ್ನ್ ಚಾರ್ಜೂ ಬಿತ್ತು.

ಹೊಸದಾಗಿ ಸೆಲ್ಲರ್ ಅಕೌಂಟ್ ತೆರೆಯುವವರು ಕಮಿಷನ್ ಎಷ್ಟು ಎಂದು ಕೇಳುತ್ತಾರೆ. ಸಣ್ಣ ಬಂಡವಾಳದವರನ್ನು ಮುಳುಗಿಸುವುದು ಬಹುಪಾಲು ಕಮಿಷನ್ ಅಲ್ಲ, ವಾಪಸ್ ಬರುವ ಪಾರ್ಸೆಲ್. ದಯವಿಟ್ಟು ಮೊದಲ ಲಿಸ್ಟಿಂಗ್ ಹಾಕುವ ಮುಂಚೆಯೇ ಈ ಲೆಕ್ಕ ಮಾಡಿ.

ಒಂದು ಉದಾಹರಣೆ ಹಿಡಿಯೋಣ. ಸೀರೆಯ ಮಾರಾಟ ದರ 699 ರೂಪಾಯಿ, ಅದರಲ್ಲಿ 5% ಜಿಎಸ್‌ಟಿ ಸೇರಿದೆ. ತೆರಿಗೆ 33 ರೂಪಾಯಿ ಕಳೆದರೆ ಉಳಿಯುವುದು 666. ಕಮಿಷನ್, ಫಿಕ್ಸೆಡ್ ಫೀ ಎಲ್ಲ ಸೇರಿ 95, ಶಿಪ್ಪಿಂಗ್ 70 ಎಂದುಕೊಳ್ಳಿ (ಇವುಗಳ ಮೇಲಿನ 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಲು, ಸಿಗುತ್ತದೆ, ನೀವು ರೆಗ್ಯುಲರ್ ನೋಂದಣಿಯಲ್ಲಿದ್ದರೆ ಮಾತ್ರ). ಪ್ಯಾಕಿಂಗ್ 12, ಸೀರೆಯ ಖರೀದಿ 420. ಕೈಗೆ ಉಳಿಯುವುದು 69 ರೂಪಾಯಿ.

ಈಗ ಹತ್ತು ಸೀರೆ ಹೋಗಿ ಮೂರು ವಾಪಸ್ ಬಂದವು ಅನ್ನಿ. ಗ್ರಾಹಕ ಹಿಂದಿರುಗಿಸಿದ ಒಂದು ಪಾರ್ಸೆಲ್‌ಗೆ 140 ರೂಪಾಯಿ ರಿಟರ್ನ್ ಚಾರ್ಜ್, ವ್ಯರ್ಥವಾದ ಪ್ಯಾಕಿಂಗ್ 12 ರೂಪಾಯಿ, ಒಟ್ಟು 152. ಏಳು ಸೀರೆಯ ಲಾಭ 483, ಮೂರರ ನಷ್ಟ 456. ಹತ್ತು ಪಾರ್ಸೆಲ್ ಕಟ್ಟಿ, ಅಂಟಿಸಿ, ಕಳಿಸಿದ್ದಕ್ಕೆ ಮಿಕ್ಕಿದ್ದು 27 ರೂಪಾಯಿ! ವಾಪಸ್ ಬಂದ ಮೂರರಲ್ಲಿ ಒಂದು ಸೀರೆಗೆ ಅರಿಶಿನದ ಕಲೆಯೋ ಸೆಂಟಿನ ವಾಸನೆಯೋ ಹತ್ತಿ ಮಾರಲು ಬಾರದಂತಾದರೆ 393 ರೂಪಾಯಿ ಕೈಯಿಂದ ಹೋಯಿತು. ನಾಲ್ಕು ವಾಪಸ್ ಬಂದರೆ, ನಾಲ್ಕೂ ಚೆನ್ನಾಗಿದ್ದರೂ, 194 ರೂಪಾಯಿ ನಷ್ಟ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೂರರ ದರಪಟ್ಟಿಯೂ ಬೇರೆ ಬೇರೆ, ಆಗಾಗ ಬದಲಾಗುತ್ತಲೂ ಇರುತ್ತದೆ. ನಿಮ್ಮ ಸೆಲ್ಲರ್ ಅಕೌಂಟಿನ ಪ್ಯಾನೆಲ್‌ನಲ್ಲಿರುವ ಅಂಕಿ ಹಾಕಿಕೊಂಡು ಇದೇ ಲೆಕ್ಕ ಮಾಡಿ, ನೂರಕ್ಕೆ ಮೂವತ್ತು ವಾಪಸ್ ಬಂದರೂ ತಡೆಯುವ ದರ ಇಡಿ. ಪಕ್ಕದ ಸೆಲ್ಲರ್ 649ಕ್ಕೆ ಕೊಡುತ್ತಾನೆಂದು ಕಣ್ಣುಮುಚ್ಚಿ ಇಳಿಸಿದರೆ ಆರ್ಡರ್ ಏರುತ್ತದೆ, ಸಾಲವೂ ಏರುತ್ತದೆ.

ವಾಪಸ್ ಬರುವುದರಲ್ಲಿ ಎರಡು ಬಗೆ. ಆರ್‌ಟಿಒ (ರಿಟರ್ನ್ ಟು ಒರಿಜಿನ್) ಎಂದರೆ ಗ್ರಾಹಕ ಬಾಗಿಲಲ್ಲೇ ಬೇಡ ಎಂದದ್ದು ಅಥವಾ ಫೋನ್ ಎತ್ತದೆ ಹೋದದ್ದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಇದು ಜಾಸ್ತಿ. ಪಾರ್ಸೆಲ್ ಬಿಚ್ಚದೆ ಬರಬೇಕು, ಬಿಚ್ಚಿ ಬಂದಿದ್ದರೆ ದಾರಿಯಲ್ಲೇ ಏನೋ ಆಗಿದೆ ಎಂದರ್ಥ. ಎರಡನೆಯದು ಕಸ್ಟಮರ್ ರಿಟರ್ನ್. ಹೆಚ್ಚಿನ ಖರ್ಚೂ ಮೋಸವೂ ಇರುವುದು ಇದರಲ್ಲಿ. ಎರಡನ್ನೂ ಬೇರೆ ಬೇರೆ ಬರೆದಿಡಿ. ಆರ್‌ಟಿಒ ಒಂದೇ ಕಡೆಯ ಪಿನ್‌ಕೋಡ್‌ಗಳಿಂದ ಬರುತ್ತಿದ್ದರೆ, ನಿಮ್ಮ ಪ್ಯಾನೆಲ್‌ನಲ್ಲಿ ಅವಕಾಶವಿದ್ದಲ್ಲಿ ಆ ಭಾಗಕ್ಕೆ ಮಾರಾಟ ನಿಲ್ಲಿಸಿ. ಕಸ್ಟಮರ್ ರಿಟರ್ನ್‌ಗೆ 'ಬಣ್ಣ ಬೇರೆ' ಎಂಬ ಕಾರಣವೇ ಮತ್ತೆಮತ್ತೆ ಬಂದರೆ ತಪ್ಪು ನಿಮ್ಮ ಫೋಟೋದಲ್ಲಿದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದ ಮೆರೂನ್ ಸೀರೆ ಮೊಬೈಲ್ ಪರದೆಯಲ್ಲಿ ಕೆಂಪಾಗಿ ಕಾಣುತ್ತದೆ. ಬೆಳಗಿನ ನೆರಳಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಸೆರಗು, ಅಂಚು, ಒಡಲು ಮೂರನ್ನೂ ಹತ್ತಿರದಿಂದ ತೋರಿಸಿ, ಬ್ಲೌಸ್ ಪೀಸ್ ಇದೆಯೋ ಇಲ್ಲವೋ ಸ್ಪಷ್ಟವಾಗಿ ಬರೆಯಿರಿ.

ಈಗ ವಿಡಿಯೋ ವಿಷಯಕ್ಕೆ ಬರೋಣ. ಕೊರಿಯರ್ ಹುಡುಗ ಗೋಣಿಚೀಲದಲ್ಲಿ ರಿಟರ್ನ್‌ಗಳನ್ನು ತಂದು ಸುರಿದು "ಬೇಗ ಓಟಿಪಿ ಹೇಳಿ ಸರ್" ಅನ್ನುತ್ತಾನೆ. ಹೇಳಬೇಡಿ. ಅವನ ಪಟ್ಟಿಯಲ್ಲಿರುವ ಸಂಖ್ಯೆ ಮತ್ತು ನೆಲದ ಮೇಲಿರುವ ಪಾರ್ಸೆಲ್‌ಗಳ ಸಂಖ್ಯೆ ಒಂದೇ ಇದೆಯೇ ಎಂದು ಎಣಿಸಿದ ಮೇಲೆಯೇ ಓಟಿಪಿ. ಒಮ್ಮೆ ಕೊಟ್ಟರೆ ಅಷ್ಟೂ ನಿಮಗೆ ತಲುಪಿದೆ ಎಂದು ದಾಖಲಾಗುತ್ತದೆ, ಆಮೇಲೆ ಒಂದು ಕಮ್ಮಿ ಎಂದರೆ ಸಾಬೀತು ಮಾಡುವ ಹೊಣೆ ನಿಮ್ಮದಾಗುತ್ತದೆ. ಹರಿದ, ಬೇರೆ ಟೇಪ್ ಸುತ್ತಿದ ಪಾರ್ಸೆಲ್ ಇದ್ದರೆ ಅವನ ಎದುರಿಗೇ ಫೋಟೋ ತೆಗೆಯಿರಿ.

ಬಿಚ್ಚುವಾಗ ಮೊಬೈಲನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ, ಎರಡೂ ಕೈ ಖಾಲಿ ಇರಲಿ. ಬಿಚ್ಚದ ಪಾರ್ಸೆಲ್‌ನ ಲೇಬಲನ್ನು ಕ್ಯಾಮೆರಾಗೆ ಹತ್ತಿರ ಹಿಡಿದು ಟ್ರ್ಯಾಕಿಂಗ್ ನಂಬರ್ ಓದುವಂತಾಗುವವರೆಗೆ ಕಾಯಿರಿ. ಆಮೇಲೆ ಎಲ್ಲ ಬದಿ, ಸೀಲ್ ಮಾಡಿದ ಬಾಯಿ ತೋರಿಸಿ. ತೂಕದ ಯಂತ್ರದ ಮೇಲಿಟ್ಟು ಅಂಕಿ ಕಾಣಿಸಿ. ಆಮೇಲಷ್ಟೇ ಬ್ಲೇಡ್. ಒಳಗಿನ ವಸ್ತು ಪೂರ್ತಿ ಹೊರಬಂದು, ಮಡಿಕೆ ಬಿಚ್ಚಿ, ಟ್ಯಾಗ್ ಕಾಣುವವರೆಗೆ ವಿಡಿಯೋ ನಿಲ್ಲಿಸಬಾರದು, ಪಾರ್ಸೆಲ್ ಚೌಕಟ್ಟಿನಿಂದ ಆಚೆ ಹೋಗಬಾರದು. ಎರಡು ತುಂಡು ಜೋಡಿಸಿದ ವಿಡಿಯೋ ನಂಬಿ ಕ್ಲೇಮ್ ಹಾಕಬೇಡಿ. ಫೈಲಿಗೆ ಟ್ರ್ಯಾಕಿಂಗ್ ನಂಬರನ್ನೇ ಹೆಸರಿಡಿ, ಇಲ್ಲದಿದ್ದರೆ ಬೇಕಾದಾಗ ಸಿಗುವುದಿಲ್ಲ. ಕ್ಲೇಮ್ ಹಾಕಲು ಕೆಲವೇ ದಿನಗಳ ಗಡುವು ಇರುತ್ತದೆ. "ಭಾನುವಾರ ಎಲ್ಲ ಒಟ್ಟಿಗೆ ಬಿಚ್ಚೋಣ" ಎಂದು ಮೂಲೆಗೆ ಹಾಕಿದವರ ಗಡುವು ಚೀಲದೊಳಗೇ ಮುಗಿದಿರುತ್ತದೆ.

ಕಳಿಸುವಾಗಲೂ ಇದೇ ಶಿಸ್ತು ಬೇಕು. ಸೆರಗಿನ ಕಡೆ, ಉಟ್ಟರೆ ಎದ್ದು ಕಾಣುವ ಜಾಗದಲ್ಲಿ ನಂಬರ್ ಇರುವ, ಕಿತ್ತರೆ ಮತ್ತೆ ಹಾಕಲು ಬಾರದ ಲಾಕ್ ಟ್ಯಾಗ್ ಹಾಕಿ. ಟ್ಯಾಗ್ ಕಿತ್ತರೆ ವಾಪಸ್ ಇಲ್ಲ ಎಂಬ ಚೀಟಿಯನ್ನು ಮೇಲೆಯೇ ಇಡಿ. ಮದುವೆಗೆ ಒಂದು ದಿನ ಉಟ್ಟು ಹಿಂದಿರುಗಿಸುವವರನ್ನು ಇದು ಬಹಳಮಟ್ಟಿಗೆ ತಡೆಯುತ್ತದೆ. ಆದರೆ ಸೀರೆಯೇ ಹರಿದಿದ್ದರೆ, ತಪ್ಪು ಸೀರೆ ಹೋಗಿದ್ದರೆ ವಾಪಸ್ ತೆಗೆದುಕೊಳ್ಳಲೇಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಅದು ಸ್ಪಷ್ಟವಿದೆ.

ತೂಕದಲ್ಲೂ ಹಣ ಸೋರುತ್ತದೆ. ಶಿಪ್ಪಿಂಗ್ ದರ ಸಾಮಾನ್ಯವಾಗಿ 500 ಗ್ರಾಂ ಲೆಕ್ಕದಲ್ಲಿ ಏರುತ್ತದೆ. 460 ಗ್ರಾಂ ಸೀರೆಯನ್ನು ರಟ್ಟಿನ ಡಬ್ಬಿಗೆ ಹಾಕಿದರೆ ಮುಂದಿನ ಹಂತದ ದರ ಬೀಳುತ್ತದೆ, ಒಳಗೊಂದು ಪ್ಲಾಸ್ಟಿಕ್, ಹೊರಗೆ ಗಟ್ಟಿ ಕೊರಿಯರ್ ಕವರ್ ಸಾಕು. ಡಬ್ಬಿ ಬೇಕೇಬೇಕಾದ ಸಾಮಾನಿಗೆ ಗಾತ್ರದ ತೂಕ, ಅಂದರೆ ಡಬ್ಬಿಯ ಅಳತೆಯಿಂದ ಲೆಕ್ಕ ಹಾಕುವ ತೂಕ ನೋಡಿ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಬರುತ್ತದೆ. 700 ಗ್ರಾಂ ಇರುವ ಚನ್ನಪಟ್ಟಣದ ಗೊಂಬೆಯನ್ನು 30×25×20ರ ಡಬ್ಬಿಯಲ್ಲಿ ಕಳಿಸಿದರೆ ಅದು 3 ಕಿಲೋ. ಅದೇ ಗೊಂಬೆ 22×16×12ರ ಡಬ್ಬಿಯಲ್ಲಿ 845 ಗ್ರಾಂ. ಕೊರಿಯರ್‌ನವರು ತೂಕ ಹೆಚ್ಚು ಬರೆದರೆ ವಾದಿಸಲು, ಅಳತೆ ಟೇಪ್ ಹಿಡಿದ ಫೋಟೋ ಮತ್ತು ತಕ್ಕಡಿಯ ಫೋಟೋ ಪ್ರತಿ ಡಬ್ಬಿ ಅಳತೆಗೂ ಒಂದೊಂದು ಇಟ್ಟುಕೊಂಡಿರಿ.

ಜಿಎಸ್‌ಟಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬ್ಯಾಂಕಿಗೆ ಬಂದ ಹಣವನ್ನೇ ಮಾರಾಟ ಎಂದು ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರ ಸಲ್ಲಿಸುವ ಫಾರ್ಮ್) ತೋರಿಸುತ್ತಾರೆ. ಬ್ಯಾಂಕಿಗೆ ಬರುವುದು ಕಮಿಷನ್, ಶಿಪ್ಪಿಂಗ್, ರಿಟರ್ನ್ ಚಾರ್ಜ್ ಎಲ್ಲ ಮುರಿದ ಮೇಲಿನದು. ತೋರಿಸಬೇಕಾದ್ದು ಗ್ರಾಹಕನ ಇನ್‌ವಾಯ್ಸ್ ಮೊತ್ತ, ಅದರಿಂದ ವಾಪಸ್ ಬಂದದ್ದನ್ನು ಕಳೆದು. ಅಮೆಜಾನ್, ಮೀಶೋದಂಥ ಮಾರುಕಟ್ಟೆ ಕಂಪನಿ ತಾನು ಸಲ್ಲಿಸುವ ಜಿಎಸ್‌ಟಿಆರ್-8 ಫಾರ್ಮ್‌ನಲ್ಲಿ ನಿಮ್ಮ ಮಾರಾಟ ತೋರಿಸಿರುತ್ತದೆ, ಎರಡೂ ತಾಳೆಯಾಗದಿದ್ದರೆ ನೋಟಿಸ್ ಬರಬಹುದು. ನಿಮ್ಮ ಹಣದಿಂದ ಅವರು ಮೊದಲೇ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್, 2024ರ ಜುಲೈ 10ರಿಂದ 0.5%. ಅದು ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ, ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಒಪ್ಪಿಕೊಂಡರೆ ಮಾತ್ರ ಅಲ್ಲಿರುವ ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ತೆರಿಗೆ ಹಣದ ಖಾತೆ) ಸೇರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟವರು ಬಹಳ ಮಂದಿ.

ಜಿಎಸ್‌ಟಿ ಇಲ್ಲದೆ ಮಾರಬಹುದು ಎಂದು ಯಾರಾದರೂ ಹೇಳಿದರೆ ಅದು ಅರ್ಧ ಮಾತ್ರ ನಿಜ. 2023ರ ಅಕ್ಟೋಬರ್ 1ರಿಂದ ಆ ಅವಕಾಶವಿದೆ, ಆದರೆ ರಾಜ್ಯದೊಳಗೆ ಮಾತ್ರ. ಕರ್ನಾಟಕದಲ್ಲಿ ಸರಕಿನ ವ್ಯಾಪಾರಕ್ಕೆ ವರ್ಷದ ಮಿತಿ 40 ಲಕ್ಷ, ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆಯಲೇಬೇಕು. ತಮಿಳುನಾಡಿನ ಹೊಸೂರಿಗೆ ಒಂದು ಸೀರೆ ಕಳಿಸಬೇಕೆಂದರೂ ಜಿಎಸ್‌ಟಿ ನೋಂದಣಿ ಬೇಕು.

ಇನ್ನೊಂದು: ರಿಟರ್ನ್ ಹೆಚ್ಚಿ ಅಕೌಂಟ್ ರೇಟಿಂಗ್ ಬಿದ್ದ ಹೊತ್ತಿಗೇ "ನಾವು ನಿಮ್ಮ ಅಕೌಂಟ್ ಮ್ಯಾನೇಜರ್, ಸರಿ ಮಾಡಿಕೊಡುತ್ತೇವೆ" ಎಂಬ ಕರೆಗಳು ಬರುತ್ತವೆ. ಲಾಗಿನ್ ಓಟಿಪಿ ಕೊಟ್ಟರೆ ಅವರು ಮೊದಲು ಬದಲಿಸುವುದು ನಿಮ್ಮ ಬ್ಯಾಂಕ್ ಖಾತೆಯನ್ನು, ಮುಂದೆ ಬರಬೇಕಾದ ಮಾರಾಟದ ಹಣ ಅವರ ಪಾಲು. ಇಂಥ ಕರೆ ಬಂದರೆ ಕತ್ತರಿಸಿ, ಪ್ಯಾನೆಲ್‌ನೊಳಗಿನಿಂದಲೇ ಸಪೋರ್ಟ್ ಟಿಕೆಟ್ ಹಾಕಿ. ಓಟಿಪಿ ಕೊಟ್ಟಾಗಿದ್ದರೆ ಪಾಸ್‌ವರ್ಡ್ ಬದಲಿಸಿ, ಬ್ಯಾಂಕ್ ಖಾತೆಯ ಪುಟ ತೆರೆದು ನಂಬರ್ ನಿಮ್ಮದೇ ಇದೆಯೇ ನೋಡಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.