ಚುಕ್ಕಿ-ಗೆರೆಗೆ ಮೂರು ದಾರಿ, ನಡುವೆ ಒಂದು ಯಗಣ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆಯ ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್, ಅಂದರೆ ಚುಕ್ಕಿ-ಗೆರೆಗಳ ಸಂಕೇತ ಬರಬೇಕು. ಅದಕ್ಕೆಂದು ಎರಡು ತಿಂಗಳಿಂದ ಮೂರು ದಾರಿ ಹಿಡಿದು ನೋಡಿದೆ. ಎಲ್ಲಕ್ಕೂ ಒಂದೇ ಪದ, ‘ವಾಟರ್’. ಬೆಂಗಳೂರಿನ ವಿಜಯನಗರದ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ತಲೆಯಲ್ಲಿ ಇರೋದೇ ಅದು.

ಮೊದಲು ಫೋನಿನ ಆ್ಯಪ್. ಪದ ಹಾಕಿದ ತಕ್ಷಣ ಮೋರ್ಸ್ ಸಿದ್ಧ. ಅದನ್ನು ನೋಡಿಕೊಂಡು ಮಗಳಿಗೆ ವಾಟ್ಸಾಪ್‌ನಲ್ಲಿ ಟೈಪ್ ಮಾಡಿದೆ. ಡಬ್ಲ್ಯೂ ಅಂದರೆ ಒಂದು ಚುಕ್ಕಿ, ಎರಡು ಗೆರೆ. ಫೋನು ಬುದ್ಧಿವಂತಿಕೆ ತೋರಿಸಿ ಎರಡು ಗೆರೆ ಸೇರಿಸಿ ಒಂದೇ ಉದ್ದ ಗೆರೆ ಮಾಡಿತು. ಅವಳು ಓದಿದ್ದು ‘ಎ ಎ ಟಿ ಇ ಆರ್’. ಉತ್ತರ ಸಿಕ್ಕಿತು, ಕಲಿತದ್ದು ಸೊನ್ನೆ.

ಎರಡನೆಯದು ಗೋಡೆಗೆ ಅಂಟಿಸಿದ ಮೋರ್ಸ್ ಅಕ್ಷರಗಳ ಪಟ್ಟಿ. ಇದು ಬರೆಯುವಾಗ ಪರವಾಗಿಲ್ಲ, ಕೇಳಿ ಹುಡುಕಲು ಹೋದರೆ ತಲೆನೋವು. ಆದರೆ ಅದನ್ನೇ ದಿಟ್ಟಿಸುತ್ತಿದ್ದ ಮಗಳು, “ಅಪ್ಪಾ, ಡಬ್ಲ್ಯೂ ಯಗಣ ಅಲ್ವಾ?” ಅಂದಳು. ಛಂದಸ್ಸಿನ ಲೆಕ್ಕದಲ್ಲಿ ಚುಕ್ಕಿ ಲಘು, ಗೆರೆ ಗುರು! ಮೋರ್ಸ್‌ನಲ್ಲಿ ಮೂರು ಚಿಹ್ನೆಯ ಅಕ್ಷರಗಳು ಸರಿಯಾಗಿ ಎಂಟು, ಮೂರಕ್ಷರದ ಗಣಗಳೂ ಎಂಟು. ಓ ಮಗಣ, ಎಸ್ ನಗಣ, ಕೆ ರಗಣ, ಆರ್ ಜಗಣ. ಎಸ್‌ಒಎಸ್ ಅಂದರೆ ನಗಣ, ಮಗಣ, ನಗಣ. ಗಣ ನೆನಪಿಡುವ ಸೂತ್ರ ‘ಯಮಾತಾರಾಜಭಾನಸಲಗಂ’ ಗಟ್ಟಿಯಾಗಿದ್ದ ನನಗೆ ಎಂಟು ಅಕ್ಷರ ಒಂದೇ ಸಂಜೆಗೆ ಬಂದವು. ವಾಟರ್ ಪೂರ್ತಿ ಬಾಯಿಗೆ ಬಂತು: ಯಗಣ, ಲಗಂ (ಲಘು-ಗುರು), ಗುರು, ಲಘು, ಜಗಣ. ಹಿಗ್ಗಿ ಎಸ್.ಪಿ. ರಸ್ತೆಗೆ ಹೋಗಿ ಬಜರ್ ತಂದೆ.

ಮೂರನೆಯ ದಾರಿ ಈ ಹಿಗ್ಗನ್ನು ಇಳಿಸಿತು. ಕೇಳಿಯೇ ಕಲಿಯುವ ಕಾಖ್ ವಿಧಾನದಲ್ಲಿ ಪಟ್ಟಿಯನ್ನು ನೋಡುವಂತಿಲ್ಲ. ಕೆ, ಎಂ ಎರಡೇ ಅಕ್ಷರ, ಮೊದಲ ದಿನದಿಂದಲೇ ನಿಮಿಷಕ್ಕೆ 20 ಪದಗಳ ವೇಗ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಇನ್ನೊಂದು ಅಕ್ಷರ. ಇಂದಿರಾನಗರದ ತನಕ ನೇರಳೆ ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿ ಕೂತೆ. ಆ ವೇಗದಲ್ಲಿ ಒಂದು ಚುಕ್ಕಿ 60 ಮಿಲಿಸೆಕೆಂಡು; ‘ಇದು ರಗಣ’ ಅಂತ ಬಿಡಿಸುವಷ್ಟರಲ್ಲಿ ಮೂರು ಅಕ್ಷರ ದಾಟಿರುತ್ತವೆ. ಮೇಲಾಗಿ ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸ್ ಗೆರೆಗೆ ಚುಕ್ಕಿಯ ಮೂರರಷ್ಟು. ಛಂದಸ್ಸಿಗೆ ಪಳಗಿದ ಕಿವಿ ಅಲ್ಲೇ ಎಡವುತ್ತೆ. ಆದರೂ ಮೂರು ವಾರಕ್ಕೆ ಹನ್ನೊಂದು ಅಕ್ಷರ ಯೋಚಿಸದೆ ಕೈಗೆ ಬಂದವು. ಪರೀಕ್ಷೆಗೆ ನನ್ನ ಓಟು ಇದಕ್ಕೇ. ಕಳಿಸುವ ಗಳಿಗೆಯಲ್ಲಿ ಮಾತ್ರ ಗಣ ಬಿಡಲ್ಲ.

ನಿನ್ನೆ ಮಗಳು ಬಜರ್ ಒತ್ತಿ ವಾಟರ್ ಕಳಿಸಿದಳು. ನಾಲ್ಕು ಅಕ್ಷರ ಹಿಡಿದೆ. ಕೊನೆಯ ಜಗಣ ಯಗಣವಾಗಿ ಕೇಳಿಸಿತು.