ಓಡದ 87 ಕಿಲೋಮೀಟರ್: ಬಾಡಿಗೆ ಕಾರಿನಲ್ಲಿ ದುರ್ಗಕ್ಕೆ ಒಂದು ದಿನ

ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಯಾರು ಬಿಲ್ ಕೊಟ್ಟರೂ ಕೊನೆಯ ಮೊತ್ತಕ್ಕಿಂತ ಮೊದಲು ಮಧ್ಯದ ಸಾಲುಗಳನ್ನು ಓದುವ ಚಟ ನನಗೆ. ಹೋದ ಶ್ರಾವಣದ ಒಂದು ಭಾನುವಾರ ಚಾಲಕನ ಸಮೇತ ಕಾರು ಬಾಡಿಗೆಗೆ ತಗೊಂಡು ಚಿತ್ರದುರ್ಗ ಸುತ್ತಿ ಬಂದೆವು. ಆ ಟ್ರಾವೆಲ್ಸ್ ಹೆಸರು ಇಲ್ಲಿ ಹಾಕುವುದಿಲ್ಲ. ನಮ್ಮೂರಲ್ಲಿ ಬಹುತೇಕರು ಇದೇ ಲೆಕ್ಕದಲ್ಲಿ ಗಾಡಿ ಕೊಡುತ್ತಾರೆ, ಹಾಗಾಗಿ ಹೆಸರಿಗಿಂತ ಲೆಕ್ಕ ಗೊತ್ತಿರುವುದು ಮುಖ್ಯ.

ನಾವು ಆರು ಜನ. ನಾನು, ಯಜಮಾನರು, ಅತ್ತೆ, ಮೈದುನ, ಹನ್ನೆರಡರ ಮಗಳು, ಏಳರ ಮಗ. ಏಳು ಸೀಟಿನ ಗಾಡಿ ಬುಕ್ ಮಾಡಿದೆವು. ಇಲ್ಲೇ ಮೊದಲ ಪಾಠ. ಏಳು ಸೀಟು ಅಂದರೆ ಚಾಲಕನೂ ಸೇರಿ ಏಳು. ಹಿಂದಿನ ಸಾಲು ಬಿಚ್ಚಿ ಕೂತರೆ ಡಿಕ್ಕಿಯಲ್ಲಿ ಉಳಿಯುವ ಜಾಗ ಒಂದು ಅಕ್ಕಿ ಚೀಲದಷ್ಟು, ಅದೂ ನಿಲ್ಲಿಸಿದರೆ. ಊಟದ ಬುಟ್ಟಿ ಮೈದುನನ ತೊಡೆ ಮೇಲೆ, ನೀರಿನ ಕ್ಯಾನು ನನ್ನ ಕಾಲ ಕೆಳಗೆ. ಫೋನಿನಲ್ಲಿ ಮಾತಾಡಿದ ಹುಡುಗ "ಆರಾಮ್ ಕೂತ್ಕೋಬಹುದು ಮೇಡಂ" ಅಂದಿದ್ದ. ಅವನು ಆ ಹಿಂದಿನ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಕ್ಕಿಲ್ಲ.

ಬೆಳಗ್ಗೆ ಆರೂವರೆಗೆ ಗಾಡಿ ಅಂದಿದ್ದರು. ಮೂರು ಸಲ ಫೋನ್ ಮಾಡಿದಾಗಲೂ "ಐದೇ ನಿಮಿಷ" ಅಂದರು. ಬಂದದ್ದು ಏಳೂಕಾಲಿಗೆ. ಅಷ್ಟರಲ್ಲಿ ಮಗ ತಿಂದ ಉಪ್ಪಿಟ್ಟು ಅರಗಿ ಮತ್ತೆ ಹಸಿವು ಅಂದ. ಅತ್ತೆ ಜಗಲಿಯಲ್ಲಿ ಚಪ್ಪಲಿ ಹಾಕಿಕೊಂಡೇ ಕೂತಿದ್ದರು, ಬಿಚ್ಚಿದರೆ ಮತ್ತೆ ಬಗ್ಗಬೇಕಲ್ಲ ಅಂತ.

ಚಾಲಕ ಇಳಿದವನೇ ತಡವಾಯಿತು ಅಂತ ಕ್ಷಮೆ ಕೇಳಿದ. ನೆಪ ಹೇಳಲಿಲ್ಲ. ಮೀಟರ್ ಓದಿ ಟ್ರಿಪ್ ಶೀಟಿನಲ್ಲಿ ಬರೆದು, ನನಗೂ ಫೋಟೋ ತೆಗೆದುಕೊಳ್ಳಿ ಅಂದ. ನನ್ನಂಥವಳಿಗೆ ಇಷ್ಟು ಸಾಕು, ನಲವತ್ತೈದು ನಿಮಿಷದ ಸಿಟ್ಟು ಅರ್ಧ ಇಳಿಯಿತು. ಭರಮಸಾಗರದ ಕಡೆಯವನಂತೆ. ಮೂವತ್ತರ ಆಸುಪಾಸು, ಮಾತು ಕಡಿಮೆ.

ಗಾಡಿ ಹೊರಡುವ ಮೊದಲೇ ನಮ್ಮ ಪಟ್ಟಿ ಕೇಳಿದ. ಯಜಮಾನರು ಓದಿದರು: ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರ, ಜೋಗಿಮಟ್ಟಿ, ಹಿಮವತ್ ಕೇದಾರದ ಜಲಪಾತ, ಆಮೇಲೆ ಟೈಮ್ ಇದ್ದರೆ ಮಾರಿಕಣಿವೆ ಅಣೆಕಟ್ಟು. ಅವನು ನಕ್ಕ. "ಇದು ಎರಡು ದಿನದ ಪಟ್ಟಿ ಸರ್. ಒಂದೇ ದಿನ ಅಂದ್ರೆ ಮೊದಲು ಜೋಗಿಮಟ್ಟಿ ಹತ್ತೋಣ. ಕೋಟೆ ಸಂಜೆಗಿರಲಿ" ಅಂದ. ನಾವು ಉಲ್ಟಾ ಅಂದುಕೊಂಡಿದ್ದೆವು. ಅವನ ಮಾತು ಕೇಳಿದ್ದೇ ಆ ದಿನ ನಾವು ಮಾಡಿದ ಒಳ್ಳೆ ಕೆಲಸ.

ಹೆದ್ದಾರಿ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿ 48ರಲ್ಲಿ ಅರವತ್ತು ಕಿಲೋಮೀಟರ್ ಚಿಲ್ಲರೆ. ಆನಗೋಡು ಬಂದಾಗ ಮಗ ಅಲ್ಲಿನ ಕಿರು ಮೃಗಾಲಯಕ್ಕೆ ಹೋಗೋಣ ಅಂತ ಹಟ ಹಿಡಿದ. ಅದನ್ನು ಅವನು ಶಾಲೆಯವರ ಜೊತೆ ಎರಡು ಸಲ ನೋಡಿದ್ದಾನೆ. ಹೆಬ್ಬಾಳು ಟೋಲ್ ದಾಟಿದ ಮೇಲೆ ಅವನ ಮುಖ ಬೆಳ್ಳಗಾಯಿತು. ಹಿಂದಿನ ಸೀಟು, ಮೇಲೆ ಗಾಡಿಯೊಳಗೆ ತೂಗಿಸಿದ್ದ ಘಮಘಮ ಡಬ್ಬಿ. ಚಾಲಕ ಕನ್ನಡಿಯಲ್ಲೇ ನೋಡಿದ. ಗಾಡಿ ಬದಿಗೆ ಹಾಕಿ ಆ ಡಬ್ಬಿ ಕಿತ್ತು ಡ್ಯಾಶ್‌ಬೋರ್ಡ್ ಒಳಗೆ ಹಾಕಿದ. ಬಾಗಿಲ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು, ಉಗುರಿನಲ್ಲಿ ಸಿಪ್ಪೆ ಸ್ವಲ್ಪ ಗೀರಿ, ಮಗನ ಕೈಗೆ ಕೊಟ್ಟ. "ಮೂಸ್ತಾ ಇರು, ಮುಂದೆ ಬಂದು ಕೂತ್ಕೋ" ಅಂದ. ಜೇಬಿನಲ್ಲಿ ಇನ್ನೂ ನಾಲ್ಕು ನಿಂಬೆಹಣ್ಣು ಇದ್ದವು. ಯಜಮಾನರು ಹಿಂದಕ್ಕೆ ಹೋದರು. ಆಮೇಲೆ ಇಡೀ ದಿನ ಮಗ ಒಮ್ಮೆಯೂ ವಾಂತಿ ಮಾಡಲಿಲ್ಲ. ರಾತ್ರಿ ಮನೆಗೆ ಬಂದಾಗಲೂ ಆ ಒಣಗಿದ ನಿಂಬೆಹಣ್ಣು ಅವನ ಚಡ್ಡಿ ಜೇಬಿನಲ್ಲಿತ್ತು.

ಜೋಗಿಮಟ್ಟಿ ದುರ್ಗದಿಂದ ಹತ್ತು ಕಿಲೋಮೀಟರ್ ಅಷ್ಟೆ. ಆದರೆ ಊರು ಬಿಟ್ಟು ಕಾಡು ಹೊಕ್ಕ ಮೇಲೆ ರಸ್ತೆ ಏರುತ್ತಾ, ತಿರುಗುತ್ತಾ ಹೋಗುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಗಾಡಿ ನಿಲ್ಲಿಸಿ, ದುಡ್ಡು ಕಟ್ಟಿ, ಪ್ಲಾಸ್ಟಿಕ್ ಎಸೆಯಬೇಡಿ ಅಂತ ಹೇಳಿಸಿಕೊಂಡು ಮುಂದೆ ಹೋದೆವು. ಏರು ಶುರುವಾದ ಕೂಡಲೇ ಚಾಲಕ ಏಸಿ ಬಂದ್ ಮಾಡಿದ. ಏಸಿಗೆ ಅಂತಲೇ ಕಿಲೋಮೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟಿದ್ದೆವು. ಕೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಿಂದ ಬಂದ ಗಾಳಿ ಬಾಯಿ ಮುಚ್ಚಿಸಿತು.

ದುರ್ಗ ಅಂದರೆ ಬಂಡೆ, ಬಿಸಿಲು, ಒಣ ನೆಲ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಶ್ರಾವಣದಲ್ಲಿ ಆ ಬೆಟ್ಟದ ಮೇಲೆ ನಿಂತರೆ ಅದು ಬೇರೆ ಊರೇ. ಮೋಡ ನಮ್ಮ ಮಟ್ಟದಲ್ಲೇ ಹಾದು ಹೋಗುತ್ತಿತ್ತು. ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು. ಒಂದು ಮೋಡ ಬಂದರೆ ಕಂಬ ಮಾಯ, ಬರೀ ರೆಕ್ಕೆ ಮೇಲೆ ತಿರುಗುವುದು ಕಾಣುತ್ತದೆ. ಇನ್ನೊಂದು ಮೋಡ ಬಂದರೆ ಅದೂ ಇಲ್ಲ. ಮಗಳು ಎಣಿಸಲು ಹೋಗಿ ಹದಿನೇಳಕ್ಕೆ ಕೈಬಿಟ್ಟಳು. ಗಾಳಿಯೋ, ಅತ್ತೆಯ ಸೆರಗು ನಿಲ್ಲಲೇ ಇಲ್ಲ. ಕೊನೆಗೆ ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಕಳೆ ಕೀಳಲು ಹೊರಟವರ ಹಾಗೆ ನಿಂತರು. ಇಂಥ ಜಾಗಕ್ಕೆ "ಬಯಲುಸೀಮೆಯ ಊಟಿ" ಅಂತ ಯಾಕೆ ಹೆಸರಿಡಬೇಕೋ. ಜೋಗಿಮಟ್ಟಿಗೆ ಜೋಗಿಮಟ್ಟಿ ಅನ್ನೋ ಹೆಸರೇ ಚೆನ್ನಾಗಿದೆ, ಅಲ್ವಾ?

ಹಿಮವತ್ ಕೇದಾರಕ್ಕೆ ಹೋಗಲಿಲ್ಲ. ಅತ್ತೆಯ ಮಂಡಿ ನೋಡಿ ಚಾಲಕನೇ ಬೇಡ ಅಂದ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಅಜ್ಜಿಯನ್ನು ಬಿಟ್ಟು ಅರ್ಧ ಜನ ಹೋಗಿ ಬರುವ ಹೊತ್ತಿಗೆ ಮಧ್ಯಾಹ್ನ ಆಗುತ್ತದೆ ಅಂದ. ಮಕ್ಕಳ ಮುಖ ಸಪ್ಪಗಾಯಿತು, ಜಲಪಾತ ಅಂತ ಆಸೆ ಹುಟ್ಟಿಸಿದ್ದೇ ನಾವು. ಇಳಿಯುವಾಗ ಒಂದು ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ರಸ್ತೆ ಪಕ್ಕದ ಬಂಡೆ ಮೇಲಿಂದ ನೀರು ಇಳಿಯುತ್ತಿತ್ತು. ಆಳೆತ್ತರ ಇರಬಹುದು, ಅಷ್ಟೆ. ಬಂಡೆಗೆ ಅಂಟಿಕೊಂಡೇ ಹರಿದು, ಕೆಳಗೆ ಒಂದು ಕಲ್ಲಿನ ತುದಿಯಿಂದ ಮಾತ್ರ ಬಿಟ್ಟು ಬೀಳುತ್ತಿತ್ತು. ಮಗ ಆ ತುದಿಗೆ ಕೈ ಒಡ್ಡಿ ಹತ್ತು ನಿಮಿಷ ನಿಂತ. ಮೊಣಕೈವರೆಗೆ ನೀರು ಬಂದರೆ ಕೈ ಎತ್ತುವುದು, ಮತ್ತೆ ಒಡ್ಡುವುದು. ಜೋಗಕ್ಕೆ ಹೋದಾಗ ಇವನು ಮೊಬೈಲ್ ಕೇಳಿದ್ದ.

ಅಲ್ಲಿಗೆ ಅತ್ತೆ ತಮ್ಮ ಮಾರಿಕಣಿವೆ ಪುರಾಣ ತೆಗೆದರು. ಅವರದು ಹಿರಿಯೂರು ಕಡೆ. ನಮ್ಮ ಬಯಲುಸೀಮೆಯವರಿಗೆ ಜಲಪಾತ ಅಂದರೆ ಕೆರೆ ಕೋಡಿ ಬೀಳುವುದು ಅಂತ ಅವರ ವಾದ. ಮಾರಿಕಣಿವೆ ಅಂದರೆ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ, 1907ಕ್ಕೆ ಮುಗಿದದ್ದು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ಅತ್ತೆಗೆ 1933 ಅವರಪ್ಪ ಹೇಳಿದ ಕಥೆ. 2022ರಲ್ಲಿ ಊರಿಗೆ ಊರೇ ನೋಡಲು ಹೋದಾಗ ಇವರು ದಾವಣಗೆರೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದರು. ತಂಗಿ ಕಳಿಸಿದ ವೀಡಿಯೋ ಈಗಲೂ ಅವರ ಮೊಬೈಲಿನಲ್ಲಿದೆ. ಚಾಲಕನಿಗೂ ತೋರಿಸಿದರು. ಅವನು ಗಾಡಿ ನಿಲ್ಲಿಸಿಯೇ ನೋಡಿದ, ಓಡಿಸುತ್ತಾ ಅಲ್ಲ.

ಆಡುಮಲ್ಲೇಶ್ವರ ಅದೇ ದಾರಿಯಲ್ಲಿ ಕೆಳಗೆ. ದೇವಸ್ಥಾನ, ಪಕ್ಕದಲ್ಲೇ ಸಣ್ಣ ಮೃಗಾಲಯ. ಚಿರತೆ ಮಲಗಿತ್ತು, ಕರಡಿ ಎದ್ದಿತ್ತು, ಜಿಂಕೆಗಳು ಮಕ್ಕಳನ್ನು ನೋಡುತ್ತಿದ್ದವು. ನೆರಳು ಚೆನ್ನಾಗಿದೆ. ಒಂದು ತಾಸು ಸಾಕು.

ಊಟ ನಮ್ಮದೇ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಮೊಸರನ್ನ. ಚಾಲಕ ಹೊರಗೆ ತಿಂದು ಬರ್ತೀನಿ ಅಂದ. ಅತ್ತೆ ಬಿಡಲಿಲ್ಲ, "ಬಾಡಿಗೆ ಗಾಡಿಗೆ, ಹೊಟ್ಟೆಗಲ್ಲ, ಕೂರಪ್ಪಾ" ಅಂದರು. ಮೂರು ರೊಟ್ಟಿ ತಿಂದ. ಚಟ್ನಿ ಖಾರ ಅಂತ ಒಪ್ಪಿಕೊಳ್ಳಲಿಲ್ಲ, ಕಣ್ಣಲ್ಲಿ ನೀರಿತ್ತು.

ಚಂದ್ರವಳ್ಳಿಯಲ್ಲಿ ಕೆರೆ ದಂಡೆವರೆಗೆ ಹೋಗಿ ಬಂದೆವು, ಅಷ್ಟೆ. ಮಯೂರಶರ್ಮನ ಶಾಸನ, ಅಂಕಲಿ ಮಠದ ಗುಹೆಗಳು ಎಲ್ಲ ಅಲ್ಲೇ. ಮೊಬೈಲ್ ಬೆಳಕಲ್ಲಿ ಗುಹೆ ಹೊಕ್ಕಬೇಕು ಅಂತ ಮೈದುನನಿಗೆ ಆಸೆ. ಗಂಟೆ ಮೂರಾಗಿತ್ತು. ಬಿಟ್ಟೆವು. ಬೆಳಗಿನ ಆ ನಲವತ್ತೈದು ನಿಮಿಷ ನನಗೆ ಮತ್ತೆ ನೆನಪಾದದ್ದು ಇಲ್ಲೇ.

ಕೋಟೆಗೆ ದೊಡ್ಡವರಿಗೆ 25 ರೂಪಾಯಿ ಟಿಕೆಟ್, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಸಂಜೆ ಹೊತ್ತು ಬಂಡೆ ಕಾಲು ಸುಡುವುದಿಲ್ಲ, ಬಿಸಿಲು ಓರೆಯಾಗಿ ಬಿದ್ದು ಕಲ್ಲೆಲ್ಲ ಬೆಲ್ಲದ ಬಣ್ಣ. ಅತ್ತೆ ಒಳಗೆ ಸ್ವಲ್ಪ ದೂರ ಬಂದು ಒಂದು ಕಟ್ಟೆ ಮೇಲೆ ಕೂತರು. ನಾವು ಏಕನಾಥೇಶ್ವರಿ ಗುಡಿವರೆಗೆ ಹತ್ತಿ, ಉಯ್ಯಾಲೆ ಕಂಬ ನೋಡಿ, ಹೊಂಡಗಳ ಕಡೆ ಹೋದೆವು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಬಂಡೆ ಮೇಲೆ ಬಿದ್ದ ಮಳೆಯನ್ನು ನಾಯಕರ ಕಾಲದವರು ಹೀಗೆ ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದ ಹಾಗೆ ಇಳಿಸಿದ್ದಾರೆ. ಮಗಳು ಇದನ್ನು ಅಜ್ಜಿಗೆ ಹೇಳಬೇಕು ಅಂದಳು, ಇದೂ ಕೋಡಿ ತಾನೆ ಅಂತ.

ಓಬವ್ವನ ಕಿಂಡಿಯಲ್ಲಿ ಸಾಲು ಇತ್ತು. ಎಲ್ಲರೂ ತೂರಿ ಫೋಟೋ ತೆಗೆಸಿಕೊಳ್ಳುವವರೇ. ಮಗಳು ಸರಾಗ ಹೋದಳು. ಯಜಮಾನರು ಹೊಟ್ಟೆ ಎಳೆದುಕೊಂಡು ಅರ್ಧಕ್ಕೆ ನಿಂತರು. "ಹೈದರಾಲಿ ಸೈನ್ಯದಲ್ಲಿ ನಿಮ್ಮಂಥವರು ಇದ್ದಿದ್ರೆ ಒನಕೆನೇ ಬೇಕಾಗ್ತಿರಲಿಲ್ಲ" ಅಂತ ಮೈದುನ ಅಂದಾಗ ಹಿಂದಿದ್ದವರೆಲ್ಲ ನಕ್ಕರು.

ಅಷ್ಟರಲ್ಲಿ ಅತ್ತೆಯ ಹತ್ತಿರ ಇನ್ನೊಂದು ಯುದ್ಧ. ಅವರ ಪಕ್ಕ ಇಟ್ಟಿದ್ದ ಮಂಡಕ್ಕಿ ಚೀಲಕ್ಕೆ ಕೋತಿ ಕೈ ಹಾಕಿತ್ತು. ಅದು ಚೀಲ ಹರಿಯಲಿಲ್ಲ. ಗಂಟು ಬಿಚ್ಚಿತು, ಮಂಡಕ್ಕಿ ಸರಿಸಿ ಒಳಗಿದ್ದ ಶೇಂಗಾ ಮಾತ್ರ ಆರಿಸಿ ತಿಂದಿತು. ನಾವು ಇಳಿದು ಬರುವ ಹೊತ್ತಿಗೆ ಅತ್ತೆ ಕೋಲು ಹಿಡಿದು ಎರಡು ಗಜ ದೂರದಲ್ಲಿ ಕೂತಿದ್ದರು. ಕೋಟೆಗೆ ತಿಂಡಿ ಚೀಲ ಒಯ್ಯಬೇಡಿ, ಗಾಡಿಯಲ್ಲೇ ಬಿಡಿ.

ಈಗ ಬಿಲ್ಲಿಗೆ ಬರುತ್ತೇನೆ. ರಾತ್ರಿ ಎಂಟಕ್ಕೆ ಮನೆ ಮುಂದೆ ಮೀಟರ್ ನೋಡಿದರೆ 163 ಕಿಲೋಮೀಟರ್. ಕಿಲೋಮೀಟರಿಗೆ 14 ರೂಪಾಯಿ. ಆದರೆ ದಿನಕ್ಕೆ ಕನಿಷ್ಠ 250 ಕಿಲೋಮೀಟರ್ ಅಂತ ಲೆಕ್ಕ, ಗಾಡಿ ನೂರೇ ಓಡಿದರೂ ಅಷ್ಟು ಕೊಡಬೇಕು. 3,500 ಆಯಿತು. ಚಾಲಕನ ಬಾಟಾ, ಅಂದರೆ ದಿನದ ಭತ್ಯೆ, 400. ಒಟ್ಟು 3,900, ತಲೆಗೆ 650. ಟೋಲ್, ಪಾರ್ಕಿಂಗ್ ಬೇರೆ. ಓಡದ 87 ಕಿಲೋಮೀಟರಿಗೆ ನಾನು ಕೊಟ್ಟದ್ದು 1,218 ರೂಪಾಯಿ. ಬುಕ್ ಮಾಡುವಾಗ ಇದನ್ನು ಹೇಳಿದ್ದರು, ಮೋಸ ಅನ್ನಲಾರೆ. ಹಾಗಂತ ಕೊಡುವಾಗ ಕೈ ಹಗುರ ಇರಲಿಲ್ಲ.

ಬಸ್ಸಿನಲ್ಲಿ ಹೋಗಿದ್ದರೆ? ಶಕ್ತಿ ಯೋಜನೆಯಲ್ಲಿ ನನಗೆ, ಅತ್ತೆಗೆ, ಮಗಳಿಗೆ ಪುಕ್ಕಟೆ. ಇಬ್ಬರು ಗಂಡಸರಿಗೆ ಪೂರ್ತಿ, ಮಗನಿಗೆ ಅರ್ಧ ಟಿಕೆಟ್. ಬರೀ ಕೋಟೆ ನೋಡುವವರಿಗೆ ನಾನು ಬಸ್ಸನ್ನೇ ಹೇಳುತ್ತೇನೆ. ದುರ್ಗದಲ್ಲಿ ಇಳಿದು ಆಟೋ ಹಿಡಿದರೆ ಆಯಿತು. ಕಾರಿಗೆ ದುಡ್ಡು ಕೊಡಬೇಕಾದ್ದು ಜೋಗಿಮಟ್ಟಿಗೆ, ಮಂಡಿ ನೋವಿನ ಹಿರಿಯರಿಗೆ, ರಸ್ತೆ ಪಕ್ಕ ನೀರು ಕಂಡಾಗ ನಿಲ್ಲಿಸುವುದಕ್ಕೆ. ನಾಲ್ಕೇ ಜನ ಇದ್ದರೆ ಸಣ್ಣ ಗಾಡಿ ತಗೊಳ್ಳಿ, ದರವೂ ಕಡಿಮೆ, ಬುಟ್ಟಿಗೆ ಜಾಗವೂ ಸಿಗುತ್ತದೆ. ಹೊರಡುವ ಹೊತ್ತು ಆರೂವರೆ ಬೇಕಾದರೆ ಆರಕ್ಕೆ ಅಂತ ಹೇಳಿ.

ಅಂಕ ಕೊಡುವುದಾದರೆ ಚಾಲಕನಿಗೆ ಐದಕ್ಕೆ ಐದು, ಟ್ರಾವೆಲ್ಸಿಗೆ ಮೂರು. ಇಳಿಯುವಾಗ ಚಾಲಕನ ನಂಬರ್ ಕೇಳಿದೆ, ಮುಂದಿನ ಸಲ ನೇರ ಅವನಿಗೇ ಫೋನ್ ಮಾಡೋಣ ಅಂತ. ಅವನು ಕೊಡಲಿಲ್ಲ. "ಆಫೀಸಿಗೇ ಮಾಡಿ ಮೇಡಂ, ಇದೇ ಗಾಡಿ ಬೇಕು ಅಂತ ಹೇಳಿ ಸಾಕು" ಅಂದ. ಅತ್ತೆ ಒಳಗೆ ಹೋಗುತ್ತಿದ್ದವರು ಗೇಟಿನಲ್ಲೇ ತಿರುಗಿ, ದುರ್ಗದ ಜೊತೆ ಮಾರಿಕಣಿವೆಗೂ ಹೋಗಿ ಬಂದರೆ ಎಷ್ಟು ಕಿಲೋಮೀಟರ್ ಆಗುತ್ತದಪ್ಪಾ ಅಂದರು. "250 ದಾಟುತ್ತೆ ಅಜ್ಜಿ" ಅಂದ. "ದಾಟಲಿ ಬಿಡು" ಅಂದರು ಅತ್ತೆ, "ಕೋಡಿ ಬಿದ್ದರೆ ಫೋನ್ ಮಾಡಿಸ್ತೀನಿ."